ನಿಂಬೆಕ್ಕನ ಖಾನಾವಳಿ ಮತ್ತು ಜಿರಳೆ ಔಷಧಿ

ಈಗ ಈ ಕೆಲಸಕ್ಕೆ ಸೇರುವ ಹುಡುಗರಿಗೆ ಕಂಪನಿಯವರು ಟೋಪಿ, ಕೈಗವಸು, ಮಾಸ್ಕು, ಹೆಸರು ಹೊಲಿದ ಅಂಗಿ ಎಲ್ಲ ಕೊಡುತ್ತಾರೆ. ಕೂಡಿಸಿಕೊಂಡು ಜಿರಳೆ ಎಲ್ಲಿ ಅಡಗುತ್ತದೆ, ಎಲ್ಲಿ ತತ್ತಿ ಇಡುತ್ತದೆ ಅಂತ ಪಾಠವನ್ನೂ ಹೇಳುತ್ತಾರೆ. ಹುಡುಗರಿಗೆ ಜಿರಳೆಯ ಬಗ್ಗೆ ಎಲ್ಲ ಗೊತ್ತಾಗುತ್ತದೆ. ಜಿರಳೆ ಇರುವ ಮನೆಯವರ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ನಿಜವಾದ ಕೆಲಸ ಇರುವುದು ಅಲ್ಲೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಸುದ್ದಿ ಇದರಲ್ಲಿ ಇಲ್ಲ. ಪಂಪು ಹೊರುವವನಿಗೆ ಸಿಗುವ ಬಡ್ತಿ ಅಂದರೆ ಇನ್ನೂ ದೊಡ್ಡ ಪಂಪು.

ನಾನು ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ವಿಜಾಪುರದ ಒಂದು ಸಣ್ಣ ಕಂಪನಿಗೆ. ಕಂಪನಿ ಅಂದರೆ ಒಬ್ಬ ಮಾಲೀಕರು, ಒಂದು ಫೋನು, ಒಂದು ಗೋದಾಮು, ನಾವು ಮೂರು ನಾಲ್ಕು ಜನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಬೆನ್ನಿಗೆ ಪಂಪು, ಕೈಯಲ್ಲಿ ಔಷಧಿಯ ಡಬ್ಬಿ, ಬಸ್ಸಿನ ಕೊನೆಯ ಸೀಟು. ಆ ವಾಸನೆಗೆ ಮುಂದಿನ ಸೀಟಿನಲ್ಲಿ ಯಾರೂ ಕೂಡಿಸಿಕೊಳ್ಳುತ್ತಿರಲಿಲ್ಲ. ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ನಮ್ಮ ಕಡೆ ಎಣ್ಣೆ ಹೊಡೆಯುವುದು ಅನ್ನುತ್ತಾರಲ್ಲ, ಹಾಗೆ ನಾನೂ ಊರೂರಲ್ಲಿ ‘ಎಣ್ಣಿ ಹೊಡಿಯಾಂವ’ ಆದೆ. ಹೆಣ್ಣು ನೋಡಲು ಹೋದಾಗ ಮಾತ್ರ ನಮ್ಮ ಕಾಕಾ, ಹುಡುಗ ಔಷಧಿ ಕಂಪನಿಯಲ್ಲಿದ್ದಾನೆ ಅಂತ ಗತ್ತಿನಿಂದ ಹೇಳಿಬಿಟ್ಟರು. ಮದುವೆಯಾದ ಮೇಲೆ ಮಾವನವರು ಮೊಣಕಾಲು ನೋವಿಗೆ ಕಂಪನಿಯ ಗುಳಿಗೆ ತಂದುಕೊಡು ಅಂತ ಕೇಳತೊಡಗಿದರು. ನಾನು ಅಂಗಡಿಯಲ್ಲಿ ಕೊಂಡು ಒಯ್ದು ಕೊಡುತ್ತಿದ್ದೆ. ನಮ್ಮ ಕಂಪನಿಯ ಗುಳಿಗೆಯಷ್ಟು ಗುಣ ಬೇರೆಯದರಲ್ಲಿ ಇಲ್ಲ ಅಂತ ಅವರು ಊರಿಗೆಲ್ಲ ಹೇಳುತ್ತಿದ್ದರು.

ಈ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಏನೆಂದರೆ, ಯಾರ ಮನೆಯಲ್ಲೂ ಜಿರಳೆ ಇರುವುದಿಲ್ಲ. ಕರೆಸಿದವರು ಬಾಗಿಲಲ್ಲೇ ನಿಲ್ಲಿಸಿ, ನಮ್ಮ ಮನೆಯವಲ್ಲ, ಬಾಜೂ ಮನೆಯಿಂದ ಬರುತ್ತವೆ ಅಂತ ಹೇಳುತ್ತಾರೆ. ಹೌದ್ರಿ, ಎಲ್ಲರ ಮನೆಗೂ ಬಾಜೂ ಮನೆಯಿಂದಲೇ ಬರುತ್ತವೆ ಅಂದು ಒಳಗೆ ಹೋಗಬೇಕು. ಮುದ್ದೇಬಿಹಾಳದಲ್ಲಿ ಒಂದು ಕಡೆ ಮಾತ್ರ ಈ ಮಾತು ನಿಜವೇ ಆಗಿತ್ತು. ಅಣ್ಣ ತಮ್ಮ ಬೇರೆಯಾಗಿ, ಹಳೆಯ ವಾಡೆಯ ನಡುವೆ ಗೋಡೆ ಎಬ್ಬಿಸಿಕೊಂಡಿದ್ದರು. ಮಾತುಕತೆ ನಿಂತು ಎಷ್ಟೋ ವರ್ಷವಾಗಿತ್ತು. ಅಣ್ಣನ ಅಡುಗೆಮನೆಗೆ ಹೊಡೆದು ಬಂದೆ. ಸತ್ತವು ಸತ್ತವು, ಉಳಿದವು ಗೋಡೆಯ ಬಿರುಕಿನಿಂದ ತಮ್ಮನ ಕಡೆಗೆ ಹೋದವು. ವಾರದೊಳಗೆ ತಮ್ಮನ ಫೋನು ಬಂತು. ತಮ್ಮನಲ್ಲಿ ಹೊಡೆದಾಗ ಅವು ಮರಳಿ ಅಣ್ಣನಲ್ಲಿಗೆ ಬಂದವು. ನಮ್ಮ ಮಾಲೀಕರಿಗೆ ಈ ಮನೆತನ ಬಹಳ ಹಿಡಿಸಿತು. ಇಂಥ ಅಣ್ಣತಮ್ಮಂದಿರು ಊರಿಗೊಂದು ಜೋಡಿ ಇದ್ದರೆ ಸಾಕು ಅನ್ನುತ್ತಿದ್ದರು. ಕೊನೆಗೆ ಬೇಸತ್ತ ಇಬ್ಬರ ಹೆಂಡಂದಿರು ನೀರಿನ ನಳದ ಹತ್ತಿರ ಮಾತಾಡಿಕೊಂಡು, ಎರಡೂ ಕಡೆ ಒಂದೇ ದಿನ ಹೊಡೆಯಿರಿ ಅಂತ ಗೊತ್ತು ಮಾಡಿದರು. ಅವತ್ತು ಎರಡೂ ಮನೆಯ ಪಾತ್ರೆ ಪಗಡೆ ಒಂದೇ ಅಂಗಳಕ್ಕೆ ಬಂದವು, ಎರಡೂ ಮನೆಯವರು ಒಂದೇ ಬೇವಿನ ಗಿಡದ ಕೆಳಗೆ ಕೂತು ಅವಲಕ್ಕಿ ತಿಂದರು. ಜಿರಳೆಗಳು ಆಮೇಲೆ ಎಲ್ಲಿಗೆ ಹೋದವೋ ಗೊತ್ತಿಲ್ಲ. ಮುಂದಿನ ವಾರ ಹಿಂದಿನ ಓಣಿಯಿಂದ ಫೋನು ಬಂತು.

ಇನ್ನೊಂದು ಮಾತು. ಜನಕ್ಕೆ ಜಿರಳೆ ಸಾಯಬೇಕು, ಆದರೆ ಕೊಂದವರು ತಾವಾಗಬಾರದು. ಬಾಗೇವಾಡಿ ಕಡೆ ಸೋಮವಾರ ಕೊಲ್ಲುವಂತಿಲ್ಲ, ಅಮಾವಾಸ್ಯೆಗೆ ಕೊಲ್ಲುವಂತಿಲ್ಲ, ಶ್ರಾವಣ ಬಂತೆಂದರೆ ಇಡೀ ತಿಂಗಳು ಕೊಲ್ಲುವಂತಿಲ್ಲ. ಶ್ರಾವಣ ಬರುವುದು ಮಳೆಗಾಲದಲ್ಲಿ, ಜಿರಳೆ ಉಕ್ಕುವುದೂ ಮಳೆಗಾಲದಲ್ಲಿ. ಜಿರಳೆಗೂ ಪಂಚಾಂಗ ನೋಡಲು ಬರುತ್ತದೆ ಅಂತ ನನಗೆ ಬಹಳ ದಿನ ಗುಮಾನಿ ಇತ್ತು. ಅಲ್ಲೊಬ್ಬ ಮಾಸ್ತರರ ಮನೆಯಲ್ಲಿ, ನಾನು ಪಂಪಿಗೆ ಗಾಳಿ ತುಂಬುವ ಹೊತ್ತಿಗೆ ಅವರ ಹೆಂಡತಿ ಓಡಿ ಬಂದು ದೇವರ ಕೋಣೆಯ ಜಗಲಿಯ ಮೇಲಿನ ಮೂರ್ತಿಗಳಿಗೆ ದುಪ್ಪಟಿ ಹೊದಿಸಿದರು. ದೇವರು ನೋಡಬಾರದು ಅಂತ. ಕೆಲಸ ಮುಗಿದ ಮೇಲೆ ಚಹಾ ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದರು:

“ಇದರ ಪಾಪ ನಿಮಗ ಹತ್ತಲ್ರಿ ಮತ್ತ. ನಮಗ ಬ್ಯಾಡ.”

“ಹೂನ್ರಿ ಬಾಯಾರ, ಅದೂ ಪಗಾರದಾಗ ಸೇರೇತಿ” ಅಂದೆ.

ಅವರಿಗೆ ಸಮಾಧಾನವಾಯಿತು, ಇನ್ನೊಂದು ಕಪ್ಪು ಚಹಾ ಕೊಟ್ಟರು. ಹೀಗೆ ನಾಲ್ಕು ತಾಲೂಕಿನ ಪಾಪವನ್ನು ನಾನು ಬಸ್ಸಿನ ಕೊನೆಯ ಸೀಟಿನಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೆ. ನನಗೇನೂ ಅನ್ನಿಸುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಪಂಪಿನ ಔಷಧಿ ಬಿದ್ದ ಮೇಲೆ ಜಿರಳೆ ಸಂದಿಯಲ್ಲಿ ಸಾಯುವುದಿಲ್ಲ. ನಡುಮನೆಗೆ ಬಂದು, ಅಂಗಾತ ಬಿದ್ದು, ಬಹಳ ಹೊತ್ತು ಕಾಲು ಆಡಿಸುತ್ತದೆ. ಹೆಣ್ಣಾಗಿದ್ದರೆ ಸಾಯುವ ಮುಂಚೆ ತತ್ತಿಯ ಚೀಲವನ್ನು ಕಳಚಿ ಪಕ್ಕಕ್ಕೆ ಬಿಡುತ್ತದೆ. ಮೊದಲ ಸಲ ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಮರುದಿನ ಸೇರಿತು. ಅಂದಿನಿಂದ ಮನೆಯವರನ್ನು ಹೊರಗೆ ಕೂಡಿಸಿ, ಅವರು ಒಳಗೆ ಬರುವ ಮುಂಚೆ ನಾನೇ ಕಸಬರಿಗೆ ಹಿಡಿದು ಗುಡಿಸಿಬಿಡುತ್ತಿದ್ದೆ.

ನಮ್ಮ ಮಾಲೀಕರ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ದೀಪಾವಳಿಗೆ ನಮ್ಮನ್ನೆಲ್ಲ ಅವರ ಮನೆಗೆ ಊಟಕ್ಕೆ ಕರೆದಿದ್ದರು. ಕೈ ತೊಳೆಯಲು ಒಳಗೆ ಹೋಗಿ ನೋಡುತ್ತೇನೆ, ಹಗಲು ಹೊತ್ತಿನಲ್ಲೇ ಜಿರಳೆಗಳು ಗೋಡೆಯ ಮೇಲೆ ಯಾರ ಅಂಜಿಕೆಯೂ ಇಲ್ಲದೆ ಓಡಾಡಿಕೊಂಡಿದ್ದವು. ಮಾಲೀಕರ ತಾಯಿ ತಮ್ಮ ಮನೆಯಲ್ಲಿ ಒಂದು ಹುಳ ಕೊಲ್ಲಲೂ ಬಿಡುತ್ತಿರಲಿಲ್ಲವಂತೆ. ಮಗ ಊರೆಲ್ಲ ಕೊಲ್ಲಿಸಿ ಬರುತ್ತಾನೆ, ಮನೆಯಲ್ಲಾದರೂ ಬದುಕಲಿ ಅಂತ ಅವರ ಲೆಕ್ಕ. ಮಾಲೀಕರು ನನ್ನ ಕಡೆ ನೋಡಿದರು, ನಾನು ಹೋಳಿಗೆಯ ಕಡೆ ನೋಡಿದೆ.

ಕೊಲ್ಹಾರದಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಹಳೆಯ ಊರು ಕೃಷ್ಣೆಯ ಹಿನ್ನೀರಿಗೆ ಹೋಗಿ, ಜನ ಹೊಸ ಜಾಗದ ಮನೆಗಳಿಗೆ ಬಂದಿದ್ದರು. ಸಿಮೆಂಟಿನ ಹೊಸ ಮನೆ, ಅದರೊಳಗೂ ಜಿರಳೆ. ಹಳೆಯ ಪೆಟ್ಟಿಗೆ, ಕಪಾಟುಗಳ ಜೊತೆ ಅವೂ ಗಾಡಿ ಹತ್ತಿ ಬಂದಿದ್ದವು. ಅಂಥ ಒಂದು ಮನೆಯಲ್ಲಿ ವಯಸ್ಸಾದ ಅಜ್ಜ, ಅವರ ಸೊಸೆ ಇದ್ದರು; ಸೊಸೆ ನನ್ನನ್ನು ಕರೆಸಿದ್ದಳು. ಎಲ್ಲ ಕಡೆ ಹೊಡೆದು, ಅಜ್ಜನ ಕಟ್ಟಿಗೆಯ ಪೆಟ್ಟಿಗೆಯ ಹತ್ತಿರ ಹೋದಾಗ ಅವರು ಅಡ್ಡ ಕೈ ಹಿಡಿದರು.

“ಇದಕ್ಕ ಹೊಡಿಬ್ಯಾಡ್ರಿ. ಇದರೊಳಗಿನವು ಹಳೇ ಊರಿನವು.”

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಪಂಪಿನ ನಳಿಗೆಯನ್ನು ಬೇರೆ ಕಡೆ ತಿರುಗಿಸಿದೆ. ಕಂಪನಿಯ ನಿಯಮದಂತೆ ಒಂದು ಮೂಲೆಯನ್ನೂ ಬಿಡಬಾರದು, ಒಂದು ಉಳಿದರೆ ಎಲ್ಲವೂ ಮರಳಿ ಬರುತ್ತವೆ. ಬರಲಿ ಅನ್ನಿಸಿತು.

ಎರಡು ಸಾವಿರದ ಇಸವಿಯ ಆಚೀಚೆ ಹೊಸ ಪದ್ಧತಿ ಬಂತು. ಮಾಲೀಕರು ಹುಬ್ಬಳ್ಳಿಗೆ ಹೋಗಿ ಕಲಿತುಕೊಂಡು, ಸೂಜಿಯಿಲ್ಲದ ಸಿರಿಂಜಿನಂಥ ಕೊಳವೆಗಳನ್ನು ತಂದರು. ಒಳಗೆ ಬೆಲ್ಲದ ಪಾಕದ ಬಣ್ಣದ ಅಂಟು ಜೆಲ್. ಪಂಪು ಬೇಡ, ವಾಸನೆ ಇಲ್ಲ, ಪಾತ್ರೆ ಹೊರಗಿಡುವ ರಗಳೆ ಇಲ್ಲ. ಜೋಳದ ಕಾಳಿನಷ್ಟು ಜೆಲ್ಲನ್ನು ಮೂಲೆಮೂಲೆಗೆ ಇಟ್ಟು ಬಂದರೆ ಜಿರಳೆ ತಾನಾಗಿ ಬಂದು ತಿನ್ನುತ್ತದೆ. ತಿಂದದ್ದು ಸಂದಿಗೆ ಹೋಗಿ ಸಾಯುತ್ತದೆ. ಅದರ ಹೆಣ, ಹಿಕ್ಕೆ ತಿಂದು ಉಳಿದವೂ ಸಾಯುತ್ತವೆ. ನನಗಂತೂ ಹಬ್ಬವಾಯಿತು. ಬೆನ್ನು ಹಗುರಾಯಿತು, ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಗಿರಾಕಿಗಳಿಗೆ ನನಗಿಂತ ಹೆಚ್ಚು ಖುಷಿ. ಸಾಯುವುದು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ, ಕೊಂದದ್ದು ತಾವಲ್ಲ ಅನ್ನುವುದು ಈಗ ಸಲೀಸಾಯಿತು. ಮಾಸ್ತರರ ಹೆಂಡತಿ ದೇವರಿಗೆ ದುಪ್ಪಟಿ ಹೊದಿಸುವುದನ್ನೇ ಬಿಟ್ಟರು. ಶ್ರಾವಣದಲ್ಲೂ ಕೆಲಸ ಸಿಗತೊಡಗಿತು.

ಈ ಜೆಲ್ ಬೇಡ ಅಂದವಳು ಸಿಂದಗಿಯ ನಿಂಬೆಕ್ಕ ಒಬ್ಬಳೇ.

ಬಸ್ ನಿಲ್ದಾಣದ ಹಿಂದೆ ಆಕೆಯ ಖಾನಾವಳಿ. ಗಂಡ ಹೋದ ಮೇಲೆ ಒಲೆಯ ಮುಂದೆ ಕೂತವಳು, ಆ ಖಾನಾವಳಿಯಿಂದಲೇ ಮನೆ ನಡೆಸಿದ್ದಳು. ಡ್ರೈವರು, ಕಂಡಕ್ಟರು, ಕೋರ್ಟಿಗೆ ಬಂದ ಹಳ್ಳಿಯವರು, ಕಚೇರಿಯ ಕಾರಕೂನರು ಎಲ್ಲರೂ ಅಲ್ಲಿಯೇ ಉಣ್ಣುತ್ತಿದ್ದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಾಕು ಅಂದರೂ ತಾಟಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಕೈಯಲ್ಲಿ ಕಾಸಿಲ್ಲದವರು ಹೊತ್ತು ಮೀರಿ ಬಂದರೆ ಹಿಂದಿನ ಬಾಗಿಲಲ್ಲಿ ಕೂಡಿಸಿ ಉಣಿಸುತ್ತಿದ್ದಳು. ನಮ್ಮ ಸೀಮೆಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ಉಣ್ಣುವ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ರೂಢಿ ಇಲ್ಲ. ಆದರೆ ನಿಂಬೆಕ್ಕನಿಗೆ ಅದು ರೂಢಿಗಿಂತ ಹೆಚ್ಚಿನದಾಗಿತ್ತು.

ಯಾರೋ ಹೊರಗಿನ ಸಾಹೇಬರ ಊಟದಲ್ಲಿ ಜಿರಳೆ ಬಂದು ಮೇಲಕ್ಕೆ ದೂರು ಹೋಗಿತ್ತು. ಊರಿನ ಆರೋಗ್ಯ ಇನ್‌ಸ್ಪೆಕ್ಟರು ಬಂದು, ಮುಂದಿನ ಸಂತೆಯ ಹೊತ್ತಿಗೆ ಒಂದು ಜಿರಳೆ ಕಂಡರೂ ಬಾಗಿಲಿಗೆ ಕೀಲಿ ಹಾಕಬೇಕಾಗುತ್ತದೆ ಅಂದುಹೋಗಿದ್ದರು. ಹೇಳುವಾಗ ಅವರ ಮುಖವೂ ಬಾಡಿತ್ತಂತೆ, ಯಾಕೆಂದರೆ ಅವರೂ ದಿನಾ ಉಣ್ಣುವುದು ಅಲ್ಲಿಯೇ. ಹಿಂದೆ ಒಮ್ಮೆ ಪಂಪಿನಿಂದ ಹೊಡೆಸಿದ್ದಾಗ ವಾಸನೆ ಹಿಟ್ಟಿಗೆ ಇಳಿದು, ಡ್ರೈವರುಗಳು ರೊಟ್ಟಿ ಮುರಿದು ಮೂಸಿ ಎದ್ದುಹೋಗಿದ್ದರು. ಮೂಟೆ ಹಿಟ್ಟು ಚೆಲ್ಲಬೇಕಾಗಿತ್ತು. ಹಾಗಾಗಿ ಪಂಪು ಆಗದು. ನಾನು ಕೊಳವೆ ಹಿಡಿದು, ಕೆಲಸ ಇಷ್ಟರಲ್ಲೇ ಮುಗಿಯಿತು ಅಂದುಕೊಂಡು ಒಳಗೆ ಹೋದೆ.

ಅಲ್ಲಿ ನಾನು ಮಾಡಿದ ತಪ್ಪೆಂದರೆ ಬಾಯಿ ಬಿಟ್ಟದ್ದು. ಮಾಲೀಕರು ಕಲಿಸಿದ ಪಾಠವನ್ನು, ನಾನೇ ಆ ಔಷಧಿ ಕಂಡುಹಿಡಿದವನ ಹಾಗೆ, ಸಾಲಂಕಾರವಾಗಿ ಹೇಳಿದೆ. ಇದು ಅವಕ್ಕೆ ಬಲು ರುಚಿ, ಕರೆಯದೇ ಬರುತ್ತವೆ, ತಿಂದು ತಿರುಗಿ ಹೋಗುತ್ತವೆ, ಆಮೇಲೆ ಒಂದರ ಹಿಂದೆ ಒಂದು ಸಾಯುತ್ತವೆ ಅಂತ. ರೊಟ್ಟಿ ಬಡಿಯುತ್ತಿದ್ದ ನಿಂಬೆಕ್ಕನ ಕೈ ನಿಂತಿತು.

“ಅಂದ್ರ ಉಣ್ಣಾಕ ನೀಡಿ ಕೊಲ್ಲೂದು?”

“ಹಂಗಂದ್ರ ಹಂಗ ಅನ್ರಿ ಅಕ್ಕಾ.”

“ತಮ್ಮಾ, ನೀ ಬಡದು ಕೊಲ್ಲು, ತುಳದು ಕೊಲ್ಲು, ನಾ ಏನೂ ಅನ್ನಾಂಗಿಲ್ಲ. ನನ್ನ ಖಾನಾವಳ್ಯಾಗ ಉಂಡು ಸತ್ತರು ಅಂತ ಆಗಬಾರ್ದು.”

ಜಿರಳೆ ಏನು ಗಿರಾಕಿಯೇ ಅಂತ ವಾದಿಸಿದೆ. ಬಂದು ಉಂಡವು ಅಂದರೆ ಗಿರಾಕಿಯೇ ಅಂದಳು. ಅವು ಕದ್ದು ಉಣ್ಣುತ್ತವೆ ಅಂದೆ. ಹಿಂದಿನ ಬಾಗಿಲಿಗೆ ಬಂದು ಉಣ್ಣುವವರೂ ಕಾಸು ಕೊಡುವುದಿಲ್ಲ, ಅವರಿಗೂ ಇದನ್ನೇ ಹಚ್ಚುತ್ತೀಯೇನು ಅಂತ ಕೇಳಿದಳು. ನಾನು ಕೊಳವೆಯ ಮುಚ್ಚಳ ಹಾಕಿದೆ. ಇಷ್ಟು ವರ್ಷದಲ್ಲಿ ದೇವರ ಕಣ್ಣಿಗೆ ಅಂಜಿದವರನ್ನು, ನೆರೆಯವರ ಬಾಯಿಗೆ ಅಂಜಿದವರನ್ನು ನೋಡಿದ್ದೆ. ತನ್ನ ಕೈಯ ಅನ್ನಕ್ಕೆ ಅಂಜಿದವರನ್ನು ನೋಡಿರಲಿಲ್ಲ.

ಖಾನಾವಳಿಗೆ ಕೀಲಿ ಬೀಳಬಾರದು, ಜಿರಳೆಗೆ ವಿಷ ನೀಡಬಾರದು. ಹಾಗಾದರೆ ಹಿಡಿದು ಹೊರಗೆ ಬಿಡೋಣ ಅಂತ ನಾನೇ ಉಪಾಯ ಹೇಳಿದೆ. ಗಾಜಿನ ಬರಣಿಗಳ ಬಾಯಿಯ ಒಳಗೆ ತುಪ್ಪ ಸವರಿ, ತಳದಲ್ಲಿ ಬೆಲ್ಲ ಕಲಸಿದ ರೊಟ್ಟಿ ಚೂರು ಹಾಕಿ ಇಟ್ಟರೆ, ಇಳಿದವು ಜಾರಿ ಜಾರಿ ಮೇಲೆ ಬರಲಾರವು. ನಿಂಬೆಕ್ಕನಿಗೆ ಇದು ಹಿಡಿಸಿತು. ಉಣ್ಣಲಿ, ಉಂಡು ಹೋಗಲಿ ಅಂತ ಬೆಲ್ಲವನ್ನು ತಾನೇ ಧಾರಾಳವಾಗಿ ಕಲಸಿದಳು. ಮುಂಜಾನೆ ಬರಣಿಗಳು ತುಂಬಿದ್ದವು. ಎಲ್ಲವನ್ನೂ ಒಂದು ತಗಡಿನ ಡಬ್ಬಿಗೆ ಸುರುವಿ, ಬಾಯಿಗೆ ಅರಿವೆ ಕಟ್ಟಿ, ಕನ್ನೊಳ್ಳಿ ಕಡೆಯ ಬಸ್ಸು ಹತ್ತಿದೆ. ಊರಾಚೆ ಬಯಲಿನಲ್ಲಿ ಬಿಡುವ ಯೋಚನೆ.

ಬಸ್ಸಿನಲ್ಲಿ ಪಕ್ಕದ ಹೆಂಗಸು ತನ್ನ ಗಂಟಿಗೆ ಜಾಗ ಮಾಡಲು ನನ್ನ ಡಬ್ಬಿಯನ್ನು ಕಾಲಿನಿಂದ ಒತ್ತಿದಳು. ಅರಿವೆ ಸಡಿಲಾಯಿತು. ಆಮೇಲೆ ನಡೆದದ್ದನ್ನು ಹೇಳುವುದು ಕಷ್ಟ. ನಿಲ್ದಾಣ ಬಂದರೂ ಬೇಗ ಇಳಿಯದ ಜನ ಅವತ್ತು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ರಸ್ತೆಯಲ್ಲಿ ನಿಂತು ಸೀರೆ, ಧೋತರ ಝಾಡಿಸತೊಡಗಿದರು. ಎಲ್ಲರಿಗಿಂತ ಹೆಚ್ಚು ನಕ್ಕವನು ಡ್ರೈವರ್. ಹೊಟ್ಟೆ ಹಿಡಿದುಕೊಂಡು ನಕ್ಕು, ಇವನ್ನೆಲ್ಲ ಎಲ್ಲಿಂದ ತಂದಿರಿ ಅಂತ ಕೇಳಿದ. ಹೇಳಿದೆ. ಅವನು ಮುಂಜಾನೆಯಷ್ಟೇ ನಿಂಬೆಕ್ಕನಲ್ಲಿ ಉಂಡು ಬಂದಿದ್ದ. ನಗು ನಿಂತಿತು.

ಮರುದಿನ ಬಾಡಿಗೆ ಸೈಕಲ್ಲಿನಲ್ಲಿ ಹೋದೆ. ಬೇಲಿಯ ಹತ್ತಿರ ಡಬ್ಬಿ ಬೋರಲು ಮಾಡುತ್ತಿದ್ದಾಗ ಹೊಲದ ಯಜಮಾನ ಬಂದು, ನಮ್ಮ ಬೆಳೆಗೆ ಯಾವ ರೋಗ ತಂದು ಬಿಡುತ್ತಿದ್ದೀ ಅಂತ ಜಗಳಕ್ಕೆ ನಿಂತ. ರೋಗವಲ್ಲ, ಜಿರಳೆ ಅಂದೆ. ಕೆಲಸವೇನು ಅಂತ ಕೇಳಿದ. ಜಿರಳೆ ಕೊಲ್ಲುವುದು ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಯನ್ನೂ ನೋಡಿ, ಬಿಸಿಲಿಗೆ ಹೀಗಾಗುತ್ತದೆ, ನೆರಳಲ್ಲಿ ಸ್ವಲ್ಪ ಕೂಡು ಅಂತ ನೀರು ಕೊಟ್ಟು ಕಳಿಸಿದ. ಜಿರಳೆಗಳು ಬಯಲಲ್ಲಿ ಒಂದು ಗಳಿಗೆಯೂ ನಿಲ್ಲದೆ ಅವನ ಪಂಪುಸೆಟ್ಟಿನ ಕೋಣೆಯ ಕಡೆ ಓಡಿದ್ದನ್ನು ನಾನು ನೋಡಿದ್ದೆ. ನೀರು ಕುಡಿದ ಮೇಲೆ ಅದನ್ನು ಹೇಳಲು ಮನಸ್ಸಾಗಲಿಲ್ಲ.

ಅತ್ತ ಖಾನಾವಳಿಯಲ್ಲಿ ಅವು ಕಡಿಮೆಯಾಗಲಿಲ್ಲ. ಬೆಲ್ಲದ ರುಚಿಗೆ ಹೆಚ್ಚಾದವೇನೋ ಅನ್ನಿಸುತ್ತಿತ್ತು. ಸಂತೆ ಹತ್ತಿರ ಬಂತು. ಮಾಲೀಕರ ಫೋನು ಬಂತು, ಒಂದು ಖಾನಾವಳಿಗೆ ಇಷ್ಟು ದಿನವೇ ಅಂತ. ನಡೆದದ್ದನ್ನು ಹೇಳಿದಾಗ ಅವರು, ಇದು ತಿನ್ನುವ ಔಷಧಿ ಅಲ್ಲ, ಬರೀ ವಾಸನೆಗೆ ಓಡಿಹೋಗುತ್ತವೆ ಅಂತ ಹೇಳಿ ಹಚ್ಚಿ ಬಾ ಅಂದರು. ಸುಳ್ಳು ನನಗೆ ಹೊಸದೇನಲ್ಲ, ಮಾವನಿಗೆ ಗುಳಿಗೆ ಒಯ್ದು ಕೊಟ್ಟವನು ನಾನು. ಆದರೆ ದಿನಾ ಮಧ್ಯಾಹ್ನ ಆಕೆಯ ಕೈ ಊಟ ಉಂಡು, ಆಕೆಯ ಒಲೆಯ ಹಿಂದೆಯೇ ಸುಳ್ಳು ಹಚ್ಚಿ ಬರುವುದು ನನ್ನಿಂದಾಗಲಿಲ್ಲ. ಆಗುವುದಿಲ್ಲ ಅಂತ ಆಕೆಗೇ ಹೇಳಿ ಊರಿಗೆ ಹೋಗೋಣ ಅಂದುಕೊಂಡು, ಊಟದವರೆಲ್ಲ ಎದ್ದುಹೋದ ಹೊತ್ತು ನೋಡಿ ಖಾನಾವಳಿಗೆ ಹೋದೆ.

ನಿಂಬೆಕ್ಕ ಮೊಸರಿನ ಗಡಿಗೆಯ ಮುಂದೆ ಕೂತಿದ್ದಳು. ಗಡಿಗೆಯ ಮೇಲಿನ ತಾಟು ಸರಿದಿತ್ತು, ಕೆನೆಯ ಮೇಲೆ ಒಂದು ಜಿರಳೆ ಇತ್ತು. ಆಕೆ ಅದನ್ನು ಎರಡು ಬೆರಳಲ್ಲಿ ಎತ್ತಿ ನೆಲಕ್ಕೆ ಬಿಟ್ಟಳು. ಅದು ಮೈತುಂಬ ಮೊಸರು ಮಾಡಿಕೊಂಡು ಕುಂಟುತ್ತಾ ಒಲೆಯ ಹಿಂದಕ್ಕೆ ಹೋಯಿತು. ಇವತ್ತಿನ ಕೊನೆಯ ಪಂಕ್ತಿಗೆ ಇದೇ ಮೊಸರು ನೀಡಿದ್ದೇನೆ ಅಂದಳು. ಉಂಡವರಲ್ಲಿ ಒಬ್ಬಳು ಬಸುರಿ ಇದ್ದಳಂತೆ, ಕೋರ್ಟಿಗೆ ಬಂದವಳು, ಎರಡು ಸಲ ಹಾಕಿಸಿಕೊಂಡಿದ್ದಳಂತೆ. ಆಮೇಲೆ ಆಕೆ ಎದ್ದು ಗಡಿಗೆಯ ಮೊಸರನ್ನೆಲ್ಲ ಮೋರಿಗೆ ಚೆಲ್ಲಿದಳು, ಒಳಗೆ ಹೋಗಿ ಸ್ನಾನ ಮಾಡಿ ಬಂದು ನನ್ನ ಮುಂದೆ ಕೈ ಚಾಚಿದಳು.

“ತಾ ಇಲ್ಲಿ ಆ ನಳಿಗಿ.”

“ನಾ ಹಚ್ಚತೇನ್ರಿ ಅಕ್ಕಾ. ಪಾಪ ನನಗ ಇರಲಿ, ನನಗದು ರೂಢಿ ಐತಿ.”

“ಬ್ಯಾಡ. ಇಲ್ಲಿ ನೀಡಾಕಿ ನಾನು. ಬಾಡಿಗಿ ಕೈಲೆ ನೀಡಸಾಂಗಿಲ್ಲ.”

ಕೊಳವೆ ಹಿಡಿಯುವ ರೀತಿ ತೋರಿಸಿದೆ. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಲೆಯ ಹಿಂದಿನ ಸಂದಿಯಿಂದ ಶುರು ಮಾಡಿದಳು. ಜೋಳದ ಕಾಳಿನಷ್ಟು ಸಾಕು ಅಂತ ಹೇಳಿದ್ದೆ. ಆಕೆ ಹಾಕಿದ್ದು ಶೇಂಗಾ ಬೀಜದ ಗಾತ್ರದ್ದು. ಇಷ್ಟು ಬೇಡ, ಸ್ವಲ್ಪ ಇದ್ದರೂ ಕೆಲಸವಾಗುತ್ತದೆ ಅಂತ ಹಿಂದೆ ಹಿಂದೆ ಹೋಗಿ ಗೋಗರೆದೆ. ಹತ್ತಾರು ಮನೆಗೆ ಬರುವ ಔಷಧಿ ಅದು, ಮಾಲೀಕರಿಗೆ ಏನು ಹೇಳಲಿ ಅಂತ ನನಗೆ ಚಿಂತೆ. ಆಕೆ ತಿರುಗಿ ನೋಡಲಿಲ್ಲ.

“ಅರ್ಧಾ ಹೊಟ್ಟಿ ನೀಡಿ ಗೊತ್ತಿಲ್ಲೋ ತಮ್ಮಾ ನನಗ.”

ಮೂಲೆಯಿಂದ ಮೂಲೆಗೆ ಹೋಗಿ, ಒಂದೊಂದು ಕಡೆ ಬಗ್ಗಿ, ಪಂಕ್ತಿಯಲ್ಲಿ ನೀಡುವ ಹಾಗೆಯೇ ನೀಡುತ್ತಾ ಹೋದಳು. ಯಾರನ್ನೂ ಬಿಡಲಿಲ್ಲ, ಯಾರಿಗೂ ಅವಸರ ಮಾಡಲಿಲ್ಲ. ಕೊಳವೆ ಪೂರ್ತಿ ಖಾಲಿಯಾಯಿತು. ನನಗೆ ಮೊದಲು ನಗು ಬಂದಿತ್ತು, ಅರ್ಧಕ್ಕೆ ಬರುವಷ್ಟರಲ್ಲಿ ಗೋಗರೆಯುವುದನ್ನು ಬಿಟ್ಟು, ಆಕೆಗೆ ಜಾಗ ಮಾಡಿಕೊಡಲು ಡಬ್ಬಿಗಳನ್ನು ಸರಿಸತೊಡಗಿದೆ. ಇಷ್ಟು ವರ್ಷ ಎಷ್ಟು ಜನ ತಮ್ಮ ಪಾಲಿನದನ್ನು ನನ್ನ ಹೆಗಲಿಗೆ ಹಾಕಿ ಚಹಾ ಕೊಟ್ಟು ಕಳಿಸಿದ್ದರು. ಈಕೆ ನನ್ನ ಹೆಗಲಿನದನ್ನೂ ಇಳಿಸಿಕೊಂಡಳು. ಅವತ್ತಿನಿಂದ ಆಕೆ ಊಟ ಬಿಟ್ಟಳು. ಗಿರಾಕಿಗಳಿಗೆ ನೀಡುವುದು ನಿಲ್ಲಲಿಲ್ಲ, ತಾನು ಮಾತ್ರ ಬರೀ ಚಹಾದ ಮೇಲೆ ಇದ್ದಳು. ಸತ್ತವು ಸಂದಿಗಳಿಂದ ಸಿಕ್ಕ ಹಾಗೆಲ್ಲ ತಾನೇ ಗುಡಿಸಿ, ಹಿತ್ತಲಲ್ಲಿ ಕುಣಿ ತೆಗೆದು ಮುಚ್ಚಿದಳು. ನಾನು ಕಸಬರಿಗೆ ಹಿಡಿಯಲು ಹೋದರೆ ಕೊಡಲಿಲ್ಲ.

ಸಂತೆಯ ದಿನ ಇನ್‌ಸ್ಪೆಕ್ಟರು ಬಂದರು. ಬ್ಯಾಟರಿ ಹಿಡಿದು ಒಲೆಯ ಹಿಂದೆ, ಹಿಟ್ಟಿನ ಡಬ್ಬಿಗಳ ಹಿಂದೆ, ಮೋರಿಯೊಳಗೆ ಎಲ್ಲ ನೋಡಿದರು. ಒಂದೂ ಕಾಣಲಿಲ್ಲ. ಅವರ ಮುಖ ಅರಳಿತು. ಬ್ಯಾಟರಿ ಜೇಬಿಗೆ ಹಾಕಿ ಅಲ್ಲಿಯೇ ಊಟಕ್ಕೆ ಕೂತು, ನನ್ನನ್ನೂ ಪಕ್ಕಕ್ಕೆ ಕೂಡಿಸಿಕೊಂಡರು. ನಿಂಬೆಕ್ಕ ಇಬ್ಬರಿಗೂ ನೀಡಿದಳು. ಅವರು ರೊಟ್ಟಿ ಮುರಿದು ಚಪ್ಪರಿಸತೊಡಗಿದರು. ನಾನು ಮೊದಲ ತುತ್ತು ಬಾಯಿಯ ಹತ್ತಿರ ತಂದವನು ಅಲ್ಲೇ ಕೈ ತಡೆದೆ. ಆಕೆ ಆ ಕೊಳವೆ ಹಿಡಿದು ನೀಡುತ್ತಾ ಹೋದದ್ದು ಕಣ್ಣ ಮುಂದೆ ಬಂದಿತ್ತು. ಅದೇ ಕೈ, ಅದೇ ಸಮಾಧಾನ. ನಿಂಬೆಕ್ಕ ನನ್ನ ತುತ್ತನ್ನೂ ನೋಡಿದಳು, ಮುಖವನ್ನೂ ನೋಡಿದಳು.

“ಉಣ್ಣೋ ತಮ್ಮಾ. ನಿನಗ ಬ್ಯಾರೆ ಮಾಡೀನಿ.”

ಇನ್‌ಸ್ಪೆಕ್ಟರ ದವಡೆ ನಿಂತಿತು. ಏನು ಬೇರೆ, ತಮಗೆ ಯಾವುದು ಅಂತ ಅವರು ಕೇಳಿದರು. ಆಕೆ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವರು ನನ್ನ ತಾಟು, ತಮ್ಮ ತಾಟು ಎರಡನ್ನೂ ಹೋಲಿಸಿ ನೋಡಿ, ಕೊನೆಗೆ ಉಂಡರು. ಖಾನಾವಳಿ ಇನ್ನು ಮುಚ್ಚುವುದಿಲ್ಲ ಅಂತ ಹೇಳಿ, ಹೊಟ್ಟೆ ಸವರಿಕೊಳ್ಳುತ್ತಾ ಹೋದರು. ಹೊರಗೆ ಹೋದ ಮೇಲೂ ಒಮ್ಮೆ ತಿರುಗಿ ನೋಡಿದರು.

ಅವರು ಹೋದ ಮೇಲೆ ನಾನು ಊಟ ಮುಗಿಸಿ ಎದ್ದು, ಒಂದು ತಾಟು ತೊಳೆದು ತಂದು ನಿಂಬೆಕ್ಕನ ಮುಂದೆ ಇಟ್ಟೆ. ಇನ್ನಾದರೂ ಉಣ್ಣಿರಿ, ಇವತ್ತು ನಾನು ನೀಡುತ್ತೇನೆ ಅಂದೆ. ಆಕೆಯ ಕಣ್ಣು ಒಲೆಯ ಹಿಂದಿನ ಸಂದಿಯ ಕಡೆಗೇ ಇತ್ತು. ನಾನು ರೊಟ್ಟಿಯ ಬುಟ್ಟಿಗೆ ಕೈ ಹಾಕಿದಾಗ ಈ ಕಡೆ ತಿರುಗಿದಳು.

“ಕೈ ತೊಳಕೊಂಡಿಯೇನು?”

ತೊಳೆದುಕೊಂಡಿದ್ದೆ. ಆದರೂ ಹಿತ್ತಲಿಗೆ ಹೋಗಿ, ಸಾಬೂನು ಹಚ್ಚಿ, ಮೊಣಕೈ ತನಕ ತೊಳೆದುಕೊಂಡು ಬಂದು ನೀಡಿದೆ. ನಿಂಬೆಕ್ಕ ಹೊಟ್ಟೆ ತುಂಬ ಉಂಡಳು.